ಒಪ್ಪಿಸುವ ಧರ್ಮ

ಪಡೆಯುವುದು ಹೇಗೆಂಬುದನ್ನು ಲೋಕವು ನಮಗೆ ಬಾಲ್ಯದಿಂದಲೇ ಕಲಿಸುತ್ತದೆ. ವಿದ್ಯೆಯನ್ನು ಪಡೆಯಬೇಕು, ಉದ್ಯೋಗವನ್ನು ಪಡೆಯಬೇಕು, ಮನೆ ಮಾಡಿಕೊಳ್ಳಬೇಕು, ನಾಲ್ಕು ಜನರ ನಡುವೆ ನಮ್ಮ ಮಾತು ನಡೆಯುವಂತಾಗಬೇಕು. ಪಡೆದುದನ್ನು ಕಾಪಾಡಿಕೊಳ್ಳುವ ಬಗೆಯನ್ನೂ ಹಿರಿಯರು ಹೇಳಿಕೊಡುತ್ತಾರೆ. ಆದರೆ ಕಾಲ ಬಂದಾಗ ಅದನ್ನು ಮತ್ತೊಬ್ಬರ ಕೈಗೆ ಒಪ್ಪಿಸಿ ಪ್ರಸನ್ನಚಿತ್ತದಿಂದ ಹಿಂದೆ ಸರಿಯುವುದು ಹೇಗೆಂಬುದನ್ನು ಹೇಳಿಕೊಡುವವರು ವಿರಳ. ಈ ಒಂದು ವಿದ್ಯೆಯಿಲ್ಲದೆ ಎಷ್ಟೋ ಸುಸಂಸ್ಕೃತ ಮನೆಗಳಲ್ಲಿ ಮುಪ್ಪು ಕಹಿಯಾಗಿದೆ. ಎಷ್ಟೋ ಸತ್ಕಾರ್ಯಗಳು ನಡುವಿನಲ್ಲಿಯೇ ಒಡೆದುಹೋಗಿವೆ. ಆದುದರಿಂದ ಒಪ್ಪಿಸುವುದೂ ಒಂದು ಧರ್ಮವೇ ಎಂಬ ವಿಷಯವನ್ನು ಇಲ್ಲಿ ಕೊಂಚ ವಿಚಾರ ಮಾಡೋಣ.

ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಉಡುಪಿಯ ಪರ್ಯಾಯೋತ್ಸವವನ್ನು ಕಣ್ಣಾರೆ ಕಾಣದ ಮಾಧ್ವ ಕುಟುಂಬಗಳು ಇದ್ದಾವು; ಅದರ ವಾರ್ತೆಯನ್ನು ಕೇಳದ ಕುಟುಂಬ ಇರಲಾರದು. ಶ್ರೀಮದಾಚಾರ್ಯರು ಪ್ರತಿಷ್ಠಾಪಿಸಿದ ಶ್ರೀಕೃಷ್ಣನ ಪೂಜೆಯು ಅಷ್ಟಮಠಗಳ ಯತಿಗಳಿಗೆ ಸರದಿಯಿಂದ ಸಲ್ಲುತ್ತದೆ. ಮೊದಲು ಈ ಸರದಿಯು ಎರಡೆರಡು ತಿಂಗಳಿನದಾಗಿತ್ತು. 16ನೆಯ ಶತಮಾನದಲ್ಲಿ ಶ್ರೀವಾದಿರಾಜ ತೀರ್ಥರು ಅದನ್ನು ಎರಡೆರಡು ವರ್ಷಗಳಿಗೆ ವಿಸ್ತರಿಸಿದರು. ಎಂಟು ಮಠಗಳಿಗೆ ಎರಡೆರಡು ವರ್ಷಗಳಂತೆ ಒಂದು ಸುತ್ತು ಮುಗಿಯಲು 16 ವರ್ಷಗಳಾಗುತ್ತವೆ. ಒಬ್ಬ ಯತಿಗಳು ಎರಡು ವರ್ಷ ಶ್ರೀಕೃಷ್ಣನನ್ನು ಅರ್ಚಿಸಿದ ಬಳಿಕ ಮುಂದಿನ 14 ವರ್ಷಗಳ ಕಾಲ ಆ ಮಹಾಪೂಜೆಯ ಅಧಿಕಾರವು ಅವರ ಮಠಕ್ಕೆ ಇರುವುದಿಲ್ಲ.

ಪರ್ಯಾಯದ ದಿನ ಬೆಳಗಿನ ಜಾವದಲ್ಲಿ ಪೀಠವನ್ನೇರಲಿರುವ ಯತಿಗಳು ಕಾಪುವಿನ ಸಮೀಪದ ದಂಡತೀರ್ಥದಲ್ಲಿ ಸ್ನಾನ ಮಾಡಿ, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ರಥಬೀದಿಗೆ ಬರುತ್ತಾರೆ. ಕನಕನ ಕಿಂಡಿಯಲ್ಲಿ ಶ್ರೀಕೃಷ್ಣದರ್ಶನ, ಚಂದ್ರಮೌಳೀಶ್ವರ ಮತ್ತು ಅನಂತೇಶ್ವರ ದೇವರ ದರ್ಶನ, ಅನಂತರ ಶ್ರೀಕೃಷ್ಣಮಠ ಪ್ರವೇಶ. ಅಲ್ಲಿ ಇಳಿಯಲಿರುವ ಯತಿಗಳು ಅವರನ್ನು ಎದುರುಗೊಂಡು, ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಗರ್ಭಗುಡಿಯ ಕೀಲಿಕೈಯನ್ನೂ ಒಪ್ಪಿಸಿ, ಕೈಹಿಡಿದು ಸರ್ವಜ್ಞ ಪೀಠದಲ್ಲಿ ಕುಳ್ಳಿರಿಸುತ್ತಾರೆ. ಜನಸಾಮಾನ್ಯರ ಕಣ್ಣು ಪೀಠವೇರುವವರ ಮೇಲಿರುವುದು ಸಹಜ. ಆದರೆ ಆ ಗಳಿಗೆಯಲ್ಲಿ ಇಳಿಯುವವರನ್ನು ನೋಡುವುದರಿಂದಲೂ ಗೃಹಸ್ಥರು ಕಲಿಯತಕ್ಕದ್ದು ಬಹಳವಿದೆಯೆಂದು ನಮಗೆ ತೋರುತ್ತದೆ.

ಒಪ್ಪಿಸುವ ವಸ್ತುಗಳು ಮೂರು. ಶಾಸ್ತ್ರಾರ್ಥವೆಂದಲ್ಲ, ನಮ್ಮ ಬುದ್ಧಿಗೆ ತೋರಿದಂತೆ ಅವುಗಳಿಗೆ ಹೀಗೆ ಅರ್ಥ ಹೇಳಬಹುದು. ಪಾತ್ರೆಯೆಂದರೆ ಕೂಡಿಟ್ಟ ಸಂಪತ್ತು. ಸಟ್ಟುಗವೆಂದರೆ ದುಡಿಮೆ. ಕೀಲಿಕೈಯೆಂದರೆ ಅಧಿಕಾರ ಹಾಗೂ ವಿಶ್ವಾಸ. ಮೂರನ್ನೂ ಕೂಡಿಯೇ ಒಪ್ಪಿಸಿದರೆ ಅದು ಒಪ್ಪಿಸುವಿಕೆ. ನಮ್ಮ ಮನೆಗಳಲ್ಲಿ ನಡೆಯುವುದಾದರೋ ಬೇರೆ. ಸಟ್ಟುಗವನ್ನು ಸೊಸೆಯ ಕೈಗೆ ಕೊಡುತ್ತೇವೆ, ಉಗ್ರಾಣದ ಕೀಲಿಕೈಯನ್ನು ಸೆರಗಿನ ತುದಿಯಲ್ಲಿಯೇ ಉಳಿಸಿಕೊಳ್ಳುತ್ತೇವೆ. ಬೆಳಗಿನಿಂದ ಮಡಿಯುಟ್ಟು ಅಡಿಗೆ ಮಾಡುವವಳು ಅವಳು. ಸಾರಿಗೆ ಎಷ್ಟು ಬೇಳೆ, ಬ್ರಾಹ್ಮಣರಿಗೆ ಎಷ್ಟು ದಕ್ಷಿಣೆ ಎಂದು ನಿಶ್ಚಯಿಸುವವರು ನಾವು. ಮಗನಿಗೆ ಅಂಗಡಿಯ ಗಲ್ಲದ ಮೇಲೆ ಜಾಗ ಕೊಟ್ಟ ತಂದೆಯು ಸಂಜೆಯಾದೊಡನೆ ಲೆಕ್ಕದ ಪುಸ್ತಕವನ್ನು ತರಿಸಿಕೊಂಡು ಗಿರಾಕಿಗಳ ಎದುರಿನಲ್ಲಿಯೇ ತಪ್ಪು ಹುಡುಕುತ್ತಾನೆ. ಸೇವೆಯಿಂದ ನಿವೃತ್ತರಾದ ಹಿರಿಯರು ಹಳೆಯ ಕಚೇರಿಗೆ ವಾರಕ್ಕೊಮ್ಮೆ ಹೋಗಿ, ತಾವಿದ್ದಾಗ ಹೀಗಿರಲಿಲ್ಲವೆಂದು ನುಡಿದು ಬರುತ್ತಾರೆ. ಭಜನಾಮಂಡಳಿ, ಆರಾಧನಾ ಸಮಿತಿಗಳಲ್ಲಿಯೂ ಇದೇ ಕಥೆ. ದುಡಿಯಲು ತರುಣರು ಬೇಕು. ರಶೀದಿ ಪುಸ್ತಕ ಮಾತ್ರ ಹಿರಿಯರ ಪೆಟ್ಟಿಗೆಯಲ್ಲಿಯೇ ಇರಬೇಕು. ಕೀಲಿಕೈಯಿಲ್ಲದ ಸಟ್ಟುಗವು ಕೂಲಿಯಾಗುತ್ತದೆ. ಕೂಲಿಯ ಭಾವನೆಯಿಂದ ಮಾಡಿದ ಅಡಿಗೆಯಲ್ಲಿ ರುಚಿಯಿದ್ದರೂ ಪ್ರೀತಿ ಇರುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪವುಂಟು. ಇಂದಲ್ಲ ನಾಳೆ ಬಿಟ್ಟುಕೊಡಬೇಕಾದುದು, ನನ್ನದಲ್ಲದ್ದು ಎಂದು ಮೊದಲೇ ತಿಳಿದರೆ ಅದಕ್ಕಾಗಿ ದುಡಿಯುವ ಉತ್ಸಾಹವು ಎಲ್ಲಿಂದ ಬಂದೀತು? ನನ್ನದೆಂಬ ಭಾವನೆಯೇ ಕರ್ತವ್ಯಕ್ಕೆ ಮೂಲವಲ್ಲವೇ?

ಈ ಆಕ್ಷೇಪಕ್ಕೆ ನಮ್ಮ ಸಿದ್ಧಾಂತದಲ್ಲಿಯೇ ಸಮಾಧಾನವಿದೆ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ಸಮಸ್ತ ತತ್ತ್ವಗಳನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿದರು. ಶ್ರೀಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲವೂ ಅವನ ಅಧೀನ. ಆದರೆ ಅಧೀನವೆಂದ ಮಾತ್ರಕ್ಕೆ ಅಸತ್ಯವೆಂದು ಅವರು ಹೇಳಲಿಲ್ಲ. ಜಗತ್ತು ಸತ್ಯ, ಜೀವನು ಸತ್ಯ, ಜೀವನು ಮಾಡುವ ಕರ್ಮವೂ ಸತ್ಯ. ಪಾತ್ರೆಯೂ ನಿಜ, ಸಟ್ಟುಗವೂ ನಿಜ, ಕೀಲಿಕೈಯೂ ನಿಜ. ಒಡೆತನವು ಮಾತ್ರ ನಮ್ಮದಲ್ಲ. ಎಲ್ಲವೂ ಮಾಯೆಯೆಂದು ಕೈಕಟ್ಟಿ ಕುಳಿತುಕೊಳ್ಳುವ ದಾರಿಯೂ ನಮಗಿಲ್ಲ, ಎಲ್ಲವೂ ನನ್ನದೆಂದು ಅಪ್ಪಿಕೊಳ್ಳುವ ದಾರಿಯೂ ಇಲ್ಲ. ಒಡೆಯನು ಇಟ್ಟುಕೊಳ್ಳೆಂದು ಕೊಟ್ಟ ವಸ್ತುವನ್ನು ಒಳ್ಳೆಯ ಸೇವಕನು ತನ್ನ ಸ್ವಂತದ ವಸ್ತುವಿಗಿಂತ ಹೆಚ್ಚು ಜೋಪಾನ ಮಾಡುತ್ತಾನೆ. ಏಕೆಂದರೆ ಅದರ ಲೆಕ್ಕವನ್ನು ಒಪ್ಪಿಸಬೇಕಾಗಿದೆ. ನನ್ನದೆಂಬ ವಸ್ತುವನ್ನು ಕೆಡಿಸಿಕೊಂಡರೆ ಕೇಳುವವರಿಲ್ಲವೆಂಬ ಧೈರ್ಯವಿರುತ್ತದೆ. ಅವನದೆಂದು ತಿಳಿದ ವಸ್ತುವಿನಲ್ಲಿ ಆ ಧೈರ್ಯವು ಬರುವುದಿಲ್ಲ.

ಪರ್ಯಾಯದ ಸಿದ್ಧತೆಯನ್ನೇ ನೋಡಿರಿ. ಅವಧಿಯು ಎರಡೇ ವರ್ಷಗಳು. ಆದರೂ ಒಂದು ವರ್ಷಕ್ಕೂ ಹಿಂದಿನಿಂದ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ಕ್ರಮವಾಗಿ ನಡೆಯುತ್ತವೆ. ಬಾಳೆಯ ಸಸಿಯೂ ತುಳಸಿಯೂ ನೆಲಕ್ಕೆ ಬೀಳುತ್ತವೆ. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಟ್ಟುತ್ತಾರೆ. ಉರಿದುಹೋಗುವ ಸೌದೆಗೂ ಒಂದು ಅಂದವನ್ನು ಕೊಡುತ್ತಾರೆ. ಎರಡು ವರ್ಷಗಳ ಮೇಲೆ ಬಿಡತಕ್ಕದ್ದೆಂದು ಯಾರೂ ಅಕ್ಕಿಯಲ್ಲಿ ಹಿಡಿತ ಮಾಡುವುದಿಲ್ಲ, ಅಲಂಕಾರದಲ್ಲಿ ಸೋಮಾರಿತನ ತೋರುವುದಿಲ್ಲ. ಅವಧಿಯು ಗೊತ್ತಾಗಿರುವುದರಿಂದಲೇ ಸೇವೆಯು ತೀವ್ರವಾಗುತ್ತದೆ. ನಮ್ಮ ಅವಧಿಯು ನಮಗೆ ಗೊತ್ತಿಲ್ಲದಿರುವುದರಿಂದಲೋ ಏನೋ, ನಾವು ನಾಳೆಗೆಂದು ತಳ್ಳುತ್ತೇವೆ.

ಅರ್ಚಕ ಮನೆತನಗಳಲ್ಲಿ ಪೂಜೆಯ ಪಾಳಿಯೆಂಬುದೊಂದಿದೆ. ಅಣ್ಣತಮ್ಮಂದಿರು ವರ್ಷವನ್ನೋ ತಿಂಗಳನ್ನೋ ಹಂಚಿಕೊಂಡು ದೇವರ ಸೇವೆ ಮಾಡುತ್ತಾರೆ. ಪಾಳಿ ಮುಗಿದ ದಿನ ಕೆಲವರು ಘಂಟೆ, ಹಲಗಾರತಿ, ಅಭಿಷೇಕದ ಪಾತ್ರೆಗಳನ್ನು ಎಣಿಸಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅದು ನ್ಯಾಯ, ಅದರಲ್ಲಿ ತಪ್ಪಿಲ್ಲ. ಇನ್ನು ಕೆಲವರು ಪಾತ್ರೆಗಳನ್ನು ಹುಣಸೆಯಿಂದ ಬೆಳಗಿಟ್ಟು, ಗಂಧದ ಕೊರಡನ್ನು ತೊಳೆದು, ಮರುದಿನಕ್ಕೂ ಸಾಲುವಷ್ಟು ಎಣ್ಣೆಯನ್ನು ನಂದಾದೀಪಕ್ಕೆ ತುಂಬಿ ಹೊರಡುತ್ತಾರೆ. ನಾಳೆ ಆ ದೀಪವನ್ನು ನೋಡಿಕೊಳ್ಳುವವನು ತಮ್ಮ. ಅವನೊಡನೆ ಮಾತು ಬಿಟ್ಟು ತಿಂಗಳಾಗಿರಲೂಬಹುದು. ಆದರೆ ದೀಪಕ್ಕೆ ಪಾಳಿಯಿಲ್ಲವಲ್ಲ. ಎಣಿಸಿ ಕೊಡುವುದು ಒಪ್ಪಂದ, ಎಣ್ಣೆ ತುಂಬಿ ಕೊಡುವುದು ಧರ್ಮ. ಇವೆರಡರ ಅಂತರವನ್ನು ನಾವು ಇಂತಹ ಗರ್ಭಗುಡಿಗಳಲ್ಲಿಯೇ ಕಂಡಿದ್ದೇವೆ.

ಇನ್ನೊಂದು ಆಕ್ಷೇಪವು ಹಿರಿಯರದು. ಅದನ್ನು ಹಗುರವಾಗಿ ಕಾಣಲಾಗದು. "ಎಲ್ಲವನ್ನೂ ಮಕ್ಕಳಿಗೆ ಕೊಟ್ಟ ಮೇಲೆ ನಮ್ಮನ್ನು ಕೇಳುವವರು ಯಾರು? ಯತಿಗಳ ಮಾತು ಬೇರೆ, ಸಂಸಾರಿಗಳ ಮಾತು ಬೇರೆ" ಎನ್ನುತ್ತಾರೆ. ಈ ಭಯಕ್ಕೆ ಕಾರಣವಿಲ್ಲದಿಲ್ಲ. ಆಸ್ತಿಯನ್ನು ಬರೆಸಿಕೊಂಡು ತಂದೆತಾಯಿಗಳನ್ನು ಕಡೆಗಣಿಸಿದ ಮಕ್ಕಳಿದ್ದಾರೆ. ಆರೈಕೆ ಮಾಡಬೇಕೆಂಬ ಷರತ್ತಿನೊಡನೆ ಕೊಟ್ಟ ಆಸ್ತಿಯನ್ನು, ಆರೈಕೆ ತಪ್ಪಿದಾಗ ಹಿಂದಕ್ಕೆ ಪಡೆಯಲು ಅವಕಾಶ ಕೊಡುವ ಕಾಯಿದೆಯನ್ನು 2007ರಲ್ಲಿ ನಮ್ಮ ದೇಶದಲ್ಲಿ ಮಾಡಬೇಕಾಯಿತು. ಮಾತೃದೇವೋ ಭವ ಎಂದು ಕಲಿಸಿದ ನಾಡಿನಲ್ಲಿ ಅಂತಹ ಕಾಯಿದೆ ಬೇಕಾದುದು ತಲೆತಗ್ಗಿಸತಕ್ಕ ಸಂಗತಿ. ಬೇಕಾದಾಗ ಅದು ಇರುವುದು ಸಮಾಧಾನದ ಸಂಗತಿ.

ಆದರೆ ಪೀಠದಿಂದ ಇಳಿದ ಯತಿಗಳು ಬೀದಿಗೆ ಬರುವುದಿಲ್ಲವೆಂಬುದನ್ನೂ ಗಮನಿಸಬೇಕು. ಅವರಿಗೆ ಅವರದೇ ಮಠವಿದೆ, ಪರಂಪರೆಯಿಂದ ಬಂದ ಪಟ್ಟದ ದೇವರಿದ್ದಾನೆ. ಪಲಿಮಾರು ಮಠಕ್ಕೆ ಶ್ರೀರಾಮ, ಸೋದೆ ಮಠಕ್ಕೆ ಭೂವರಾಹ, ಕಾಣಿಯೂರು ಮಠಕ್ಕೆ ನರಸಿಂಹ, ಹೀಗೆ. ಮಹಾಪೂಜೆಯ ಭಾರವು ಇಳಿದರೂ ನಿತ್ಯಪೂಜೆಯು ನಿಲ್ಲುವುದಿಲ್ಲ. ಪಾಠಪ್ರವಚನ, ಸಂಚಾರಗಳಿಗೆ ಬಿಡುವು ದೊರೆಯುತ್ತದೆ. ಗೃಹಸ್ಥನಿಗೂ ಇದೇ ಮಾದರಿ. ತಮ್ಮ ಗ್ರಾಸಕ್ಕೆ, ಔಷಧಕ್ಕೆ, ತಲೆಯ ಮೇಲಿನ ಸೂರಿಗೆ ಬೇಕಾದಷ್ಟನ್ನು ವೃದ್ಧರು ಉಳಿಸಿಕೊಳ್ಳುವುದು ಲೋಭವಲ್ಲ, ವಿವೇಕ. ಆದರೆ ಮನೆಯ ಯಜಮಾನಿಕೆಯೇ ಬೇರೆ, ತಮ್ಮ ಮೂಲೆಯೇ ಬೇರೆ. ಮೂಲೆಯನ್ನು ಉಳಿಸಿಕೊಂಡು ಯಜಮಾನಿಕೆಯನ್ನು ಬಿಡಬೇಕು. ಅನೇಕರು ಯಜಮಾನಿಕೆಯನ್ನು ಹಿಡಿದುಕೊಂಡು ಕಡೆಗೆ ಮೂಲೆಯನ್ನೂ ಕಳೆದುಕೊಳ್ಳುತ್ತಾರೆ. ಅಂತಲೇ ದೇಹವು ಗಟ್ಟಿಯಾಗಿರುವಾಗಲೇ ತನ್ನದೊಂದು ಉಪಾಸನೆಯನ್ನು, ಒಂದು ಗ್ರಂಥದ ಪಾಠವನ್ನು, ಒಂದು ಜಪವನ್ನು ರೂಢಿಸಿಕೊಂಡಿರಬೇಕು. ಹಿಂತಿರುಗಲು ತನ್ನದೊಂದು ದೇವರಕೋಣೆಯಿಲ್ಲದವನಿಗೆ ಉಗ್ರಾಣದ ಕೀಲಿಕೈಯೇ ದೇವರಾಗುತ್ತದೆ.

ಪಡೆಯುವವರಿಗೂ ಒಂದು ಮಾತು. ಇಳಿಯುವವರೇ ಏರುವವರ ಕೈಹಿಡಿದು ಕುಳ್ಳಿರಿಸುತ್ತಾರೆ. ಹಿಡಿದು ಕುಳ್ಳಿರಿಸಿದ ಕೈಯನ್ನು ಮರೆತು, ಕುಳಿತ ಮರುದಿನವೇ ಹಿಂದಿನವರ ಏರ್ಪಾಡುಗಳನ್ನೆಲ್ಲ ಹಳಿಯುವುದು ಸಲ್ಲದು. ಅಡಿಗೆಮನೆಯ ಒರಳನ್ನು ಹೊರಗೆ ಹಾಕುವ ಮುನ್ನ ಅದರಲ್ಲಿ ಮೂವತ್ತು ವರ್ಷ ರುಬ್ಬಿದವರನ್ನು ಒಂದು ಮಾತು ಕೇಳಿದರೆ ನಷ್ಟವೇನು? ಅವರು ಬಹುಶಃ ಬೇಡವೆನ್ನುವುದಿಲ್ಲ. ಕೇಳಿದರೆಂಬ ಸಂತೋಷದಲ್ಲಿ ತಾವೇ ದಾರಿ ತೋರಿಸುತ್ತಾರೆ. ಹಾಗೆ ಕೇಳದಿದ್ದಾಗಲೇ ಒರಳು ಕಲ್ಲಾಗಿ ಇಬ್ಬರ ನಡುವೆ ಬೀಳುತ್ತದೆ. ಈಗ ಪಡೆದವರೂ ಒಂದು ದಿನ ಒಪ್ಪಿಸತಕ್ಕವರೇ.

ಪ್ರತಿಯೊಂದು ಸತ್ಕರ್ಮದ ಕೊನೆಗೆ ನಾವು ಶ್ರೀಕೃಷ್ಣಾರ್ಪಣವೆಂದು ಉದ್ಧರಣೆಯ ನೀರನ್ನು ಬಿಡುತ್ತೇವೆ. ನೀರು ಬಿಡುವುದಕ್ಕೆ ಕ್ಷಣವೂ ಬೇಡ. ನಾನು ಮಾಡಿದೆ, ನನ್ನಿಂದಲೇ ಆಯಿತು ಎಂಬುದನ್ನು ಬಿಡುವುದಕ್ಕೆ ಬಾಳೆಲ್ಲ ಬೇಕಾಗುತ್ತದೆ. ಮಗನ ಕೈಗೆ ಕೀಲಿಕೈಯನ್ನು ಕೊಟ್ಟು, ಅವನು ಬೀಗವನ್ನು ತನ್ನ ರೀತಿಯಲ್ಲಿ ತೆರೆಯುವಾಗ ಸುಮ್ಮನಿರುವುದು ಆ ದೊಡ್ಡ ಅರ್ಪಣೆಯ ಸಣ್ಣ ಅಭ್ಯಾಸ. ದಿನಕ್ಕೊಂದು ಸಣ್ಣ ವಸ್ತುವನ್ನು ಹೀಗೆ ಬಿಟ್ಟು ಕಲಿತವನಿಗೆ ಕಡೆಯ ದಿನ ಎಲ್ಲವನ್ನೂ ಒಮ್ಮೆಗೇ ಬಿಡುವುದು ಅಷ್ಟು ಕಷ್ಟವಾಗಲಾರದು. ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ಆ ಬುದ್ಧಿಯನ್ನು ನಮ್ಮೆಲ್ಲರಿಗೂ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು