ಸೊಸೆಯ ಕಲ್ಲು, ಕಳ್ಳರ ಕಲ್ಲು

ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಮೊದಲನೆಯ ಗುರುವಾರ ಹಾಸನದಲ್ಲಿ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆರೆಯುವುದೂ, ಬಲಿಪಾಡ್ಯಮಿ ಕಳೆದ ಮೇಲೆ ಅದನ್ನು ಮುಚ್ಚಿ ಮತ್ತೊಂದು ವರುಷದವರೆಗೆ ದೇವಿಯನ್ನು ಏಕಾಂತಕ್ಕೆ ಬಿಡುವುದೂ, ಒಳಗೆ ಹಚ್ಚಿಟ್ಟ ದೀಪ ಆರದೆ, ಮುಡಿಸಿದ ಹೂವು ಬಾಡದೆ, ಇಟ್ಟ ನೈವೇದ್ಯ ಹಳಸದೆ ಇರುವುದೆಂದು ಜನ ನಂಬುವುದೂ ಕನ್ನಡನಾಡಿನಲ್ಲಿ ಬಹುಮಂದಿ ಬಲ್ಲ ಸಂಗತಿಯೇ. ಬಾಗಿಲು ತೆಗೆಯುವ ಹೊತ್ತಿಗೆ ಎದುರಿಗೆ ಬಾಳೆಯ ಕಂದನ್ನು ನೆಟ್ಟು ಕಡಿಯುತ್ತಾರೆ. ಅಷ್ಟು ಕಾಲ ಒಬ್ಬಳೇ ಇದ್ದ ದೇವಿಯ ಮೊದಲ ದೃಷ್ಟಿ ಮನುಷ್ಯರ ಮೇಲೆ ಬೀಳದಿರಲಿ ಎಂಬ ಎಚ್ಚರ ಅದು. ಒಳಗಿರುವುದು ಶಿಲ್ಪಿ ಕಡೆದ ವಿಗ್ರಹವಲ್ಲ. ಹುತ್ತದ ರೂಪದಲ್ಲಿ ಮೂಡಿದ ವೈಷ್ಣವಿ, ಮಾಹೇಶ್ವರಿ, ಕೌಮಾರಿಯರು. ಸಪ್ತಮಾತೃಕೆಯರಲ್ಲಿ ಬ್ರಾಹ್ಮಿ ಕೆಂಚಾಂಬೆಯಾಗಿ ಕೆಂಚಮ್ಮನ ಹೊಸಕೋಟೆಯಲ್ಲಿಯೂ, ಮಿಕ್ಕ ಮೂವರು ಹಾಸನದ ದೇವೀಗೆರೆಯಲ್ಲಿಯೂ ನೆಲಸಿದರೆಂದು ಪ್ರತೀತಿ.

ದೀಪದ ವಿಷಯವನ್ನು ಎಲ್ಲರೂ ಮಾತನಾಡುತ್ತಾರೆ. ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವುದು ಅಲ್ಲಿಯ ಕಲ್ಲುಗಳು.

ಒಂದು ವರುಷ ದರ್ಶನದ ಸಾಲಿನಲ್ಲಿ ನನ್ನ ಮುಂದೆ ಹೊಳೆನರಸೀಪುರದ ಕಡೆಯ ಮುದುಕಿಯೊಬ್ಬಳು, ಸೆರಗಿನ ತುದಿಯನ್ನು ಮೊಮ್ಮಗಳ ಕೈಗೆ ಕೊಟ್ಟು, ತಾನು ಎಷ್ಟು ಸಲ ಹೇಳಿದ್ದಳೋ ತಿಳಿಯದ ಕಥೆಯನ್ನು ಹೇಳುತ್ತಿದ್ದಳು. ದೇವಿಯ ಒಡವೆ ಕದಿಯಲು ನಾಲ್ವರು ಕಳ್ಳರು ಬಂದರಂತೆ, ಅಮ್ಮ ಶಪಿಸಿದಳಂತೆ, ಅವರು ನಿಂತ ನಿಲುವಿನಲ್ಲೇ ಕಲ್ಲಾದರಂತೆ, ಆ ನಾಲ್ಕು ಕಲ್ಲುಗಳಿರುವುದೇ ಕಳ್ಳಪ್ಪನ ಗುಡಿ. ಇನ್ನೊಂದು ಕಥೆ ಸೊಸೆಯದು. ಮನೆಗೆಲಸ ಬಿಟ್ಟು ದಿನವೂ ಗುಡಿಗೆ ಬರುತ್ತಿದ್ದ ಸೊಸೆಯನ್ನು ಹಿಂಬಾಲಿಸಿ ಬಂದ ಅತ್ತೆ, ದೇವಿಯ ಎದುರಿನಲ್ಲೇ ಚಂದ್ರಬಟ್ಟಲಿನಿಂದ ಅವಳ ತಲೆಯ ಮೇಲೆ ಕುಕ್ಕಿದಳು. ನೋವು ತಾಳಲಾರದೆ ಹುಡುಗಿ ಅಮ್ಮನನ್ನು ಕೂಗಿದಳು. ಅವಳ ಭಕ್ತಿಗೆ ಮೆಚ್ಚಿದ ದೇವಿ, ನನ್ನ ಸನ್ನಿಧಿಯಲ್ಲಿ ಕಲ್ಲಾಗಿ ನೆಲಸೆಂದು ಅನುಗ್ರಹಿಸಿದಳು. ಆ ಕಲ್ಲು ವರುಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯತ್ತ ಸರಿಯುತ್ತದೆ. ಪಾದವನ್ನು ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ.

ಮೊಮ್ಮಗಳು ಎಲ್ಲವನ್ನೂ ಕೇಳಿ, "ಅತ್ತೆಗೆ ಏನಾಯ್ತಜ್ಜಿ?" ಎಂದಳು.

ಮುದುಕಿ ಒಂದು ಕ್ಷಣ ಸುಮ್ಮನಿದ್ದು, "ನಡಿ ನಡಿ, ಸಾಲು ಮುಂದಕ್ಕೋಯ್ತು" ಎಂದಳು.

ಪವಾಡಗಳನ್ನು ಪರೀಕ್ಷಿಸಬೇಕೆಂದು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಸಮಿತಿಯೊಂದನ್ನು ರಚಿಸಿದ್ದರು. ಆ ಹಾದಿಯಲ್ಲಿ ನಡೆಯುವವನು ಕೇಳತಕ್ಕ ಪ್ರಶ್ನೆ, ಕಲ್ಲು ಸರಿಯುವುದು ನಿಜವೇ ಎಂಬುದು. ನಾನೂ ಒಂದು ಮಧ್ಯಾಹ್ನ ಕೆಲಸವಿಲ್ಲದೆ ಲೆಕ್ಕ ಹಾಕಿದೆ. ಅಕ್ಕಿಕಾಳಿನ ಉದ್ದ ಕಾಲು ಅಂಗುಲವೆಂದು ಹಿಡಿದರೆ, ಗುಡಿಗೆ ಜನ ಹೇಳುವ 12ನೆಯ ಶತಮಾನದಿಂದ ಈಚೆಗೆ ಕಲ್ಲು 16 ಅಡಿಗೂ ಹೆಚ್ಚು ಸರಿದಿರಬೇಕು. ಪಂಚಾಂಗದ ಪ್ರಕಾರ 4,32,000 ವರ್ಷಗಳ ಕಲಿಯುಗದಲ್ಲಿ ಕಳೆದಿರುವುದು ಐದು ಸಾವಿರಕ್ಕೆ ಸ್ವಲ್ಪ ಮೇಲೆ, ಆದುದರಿಂದ ಉಳಿದ ಕಾಲಕ್ಕೆ ಅದು ನಡೆಯಬೇಕಾದ ದಾರಿ ಒಂದೂವರೆ ಮೈಲಿಗೂ ಮಿಕ್ಕುತ್ತದೆ. ಗರ್ಭಗುಡಿಯೋ ಕೆಲವು ಮಾರು. ಹಾಗಾದರೆ ಕಲಿಯುಗ ಬೇಗ ಮುಗಿಯಬೇಕು, ಇಲ್ಲವೇ ದೇವಿಯೇ ಹಿಂದಕ್ಕೆ ಸರಿಯುತ್ತಿರಬೇಕು! ಲೆಕ್ಕವನ್ನು ಹರಿದು ಹಾಕಿದೆ. ಸುಳ್ಳೆಂದು ತೋರಿತೆಂದಲ್ಲ, ಮಗುವಿನ ಪ್ರಶ್ನೆ ಅದಾಗಿರಲಿಲ್ಲವೆಂದು.

ನಮ್ಮ ಮೀಮಾಂಸಕರು ಇಂತಹ ವಾಕ್ಯಗಳಿಗೆ ಅರ್ಥವಾದವೆಂದು ಹೆಸರಿಟ್ಟಿದ್ದಾರೆ. ಅದ್ಭುತವನ್ನು ಹೇಳುವ ಮಾತು ತನ್ನಷ್ಟಕ್ಕೆ ತಾನು ಪ್ರಮಾಣವಲ್ಲ. ಯಾವುದೋ ಒಂದು ವಿಧಿಯನ್ನು ಹೊಗಳುವುದಕ್ಕೋ, ನಿಷಿದ್ಧವನ್ನು ತೆಗಳುವುದಕ್ಕೋ ಅದು ಒದಗುತ್ತದೆ. ಆದುದರಿಂದ ಅದರ ಸತ್ಯವನ್ನು ಅರಸುವವನು, ಅದು ಏನು ಮಾಡು ಅಥವಾ ಬಿಡು ಎನ್ನುತ್ತದೆಂಬುದನ್ನು ನೋಡಬೇಕು. ಈ ಅಳತೆಗೋಲನ್ನು ಹಿಡಿದರೆ ಕಳ್ಳರ ಕಥೆ ಸುಲಭ: ದೇವರ ಸೊತ್ತನ್ನು ಮುಟ್ಟಬೇಡ. ಆದರೆ ಸೊಸೆಯ ಕಥೆಯ ಬೆನ್ನಿಗಿರುವ ವಿಧಿ ಯಾವುದು? ಹೊಡೆಯಬೇಡವೆಂದೇ? ಹೊಡೆದವಳಿಗೆ ಏನೂ ಆಗಲಿಲ್ಲವಲ್ಲ! ಹೊಡೆಸಿಕೊಂಡವಳು ತಾಳಿದರೆ ಕಲ್ಲಾದ ಮೇಲೆ ಸನ್ನಿಧಿ ದೊರೆತೀತೆಂದೇ? ಶಾಪಕ್ಕೂ ವರಕ್ಕೂ ಒಂದೇ ಕಲ್ಲನ್ನು ಬಳಸಿದ ಈ ನ್ಯಾಯವನ್ನು ದೇವಿಯದೆಂದು ಒಪ್ಪುವುದಕ್ಕೆ ನನ್ನ ಮನಸ್ಸು ಹಿಂಜರಿಯುತ್ತದೆ. ಇದು ಕಥೆ ಕಟ್ಟಿದವರ ಮನೆಯ ನ್ಯಾಯ.

ಕಲ್ಲಾಗುವುದು ಈ ಸೀಮೆಯಲ್ಲಿ ಅವಮಾನವೇನಲ್ಲ. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಮಡಿದವನನ್ನು ಊರು ವೀರಗಲ್ಲಾಗಿ ನಿಲ್ಲಿಸಿತು. ಗಂಡನ ಚಿತೆಯೇರಿದವಳು ಮಾಸ್ತಿಕಲ್ಲಿನಲ್ಲಿ ಕಂಬದಿಂದ ಚಾಚಿದ ಬಳೆಯ ತೋಳಾಗಿ ಉಳಿದಳು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಾವುಂಡರಾಯನ ಅಭಿಷೇಕದ ಹಾಲು ಗೊಮ್ಮಟನ ಪಾದಕ್ಕಿಳಿಯದೆ ನಿಂತಾಗ ಪುಟ್ಟ ಗುಳ್ಳಕಾಯಿಯ ಹಾಲಿನಿಂದ ಅದನ್ನು ಇಳಿಸಿದಳೆನ್ನುವ ಅಜ್ಜಿಯೂ ಕಲ್ಲಾಗಿ ಸ್ವಾಮಿಯ ಎದುರಿಗೇ ನಿಂತಿದ್ದಾಳೆ. ಬೆಳಗೊಳದ ಜೈನ ಪಂಡಿತನನ್ನು ಕೇಳಿದರೆ ಅತ್ತೆಯ ವಿಷಯಕ್ಕೆ ಉತ್ತರ ಸಿದ್ಧವಾಗಿಯೇ ದೊರೆತೀತು: ದಂಡಿಸುವ ದೇವರೇ ಬೇಡ, ಮಾಡಿದ ಕರ್ಮವೇ ಸೂಕ್ಷ್ಮ ಪುದ್ಗಲವಾಗಿ ಜೀವಕ್ಕೆ ಅಂಟುತ್ತದೆ, ಹೊರುವುದು ಅವಳೇ. ಉತ್ತರ ಗಟ್ಟಿಯಾದುದು, ಗೌರವಾರ್ಹವಾದುದು. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಕಳ್ಳರ ಕಲ್ಲು ಕಾಣುತ್ತದೆ.

ಅರಕಲಗೂಡಿನ ಸ್ಥಳಪುರಾಣವೂ ಇಲ್ಲಿ ನೆನಪಾಗುತ್ತದೆ. ಅರ್ಕಪುರಿಯೆಂಬ ಆ ಊರಿನಲ್ಲಿ ಗೌತಮ ಋಷಿ ತಪಸ್ಸು ಮಾಡಿ ಅರ್ಕೇಶ್ವರನನ್ನು ಪ್ರತಿಷ್ಠಿಸಿದನಂತೆ. ಅಹಲ್ಯೆಯನ್ನು ಶಪಿಸಿದ ಗೌತಮನೇ. ವಾಲ್ಮೀಕಿಯಲ್ಲಿ ಅವಳು ಕಲ್ಲಾಗುವುದಿಲ್ಲ; ಗಾಳಿಯನ್ನುಂಡು, ಬೂದಿಯಲ್ಲಿ ಮಲಗಿ, ಯಾರ ಕಣ್ಣಿಗೂ ಬೀಳದೆ ತಪಿಸುತ್ತಾಳೆ. ಅವಳನ್ನು ಕಲ್ಲು ಮಾಡಿದವರು ಅನಂತರದ ಕಥೆಗಾರರು. ಆದರೂ ಅವಳಿಗೆ ಒಬ್ಬ ರಾಮ ಬಂದ. ಹಾಸನದ ಸೊಸೆಗೆ ಬರುವವರಿಲ್ಲ, ಅವಳೇ ಸರಿಯಬೇಕು, ಅದೂ ವರುಷಕ್ಕೊಂದು ಕಾಳಿನಷ್ಟು.

ಜನಪದದ ಈ ನ್ಯಾಯವನ್ನು ಹಳೆಯ ಕಾಲದ ಮೌಢ್ಯವೆಂದು ತಳ್ಳಿಹಾಕುವ ಮುನ್ನ ನಮ್ಮ ದಂಡಸಂಹಿತೆಯನ್ನೊಮ್ಮೆ ತಿರುವಿ ನೋಡಬಹುದು. 2024ರವರೆಗೆ ಜಾರಿಯಲ್ಲಿದ್ದ 1860ರ ಸಂಹಿತೆಯಲ್ಲಿ ಕಳವಿಗೆ ಮೊದಲಿನಿಂದಲೂ ಕಲಮು ಇತ್ತು. ಗಂಡನೂ ಅವನ ಕಡೆಯವರೂ ಹೆಂಗಸಿನ ಮೇಲೆ ನಡೆಸುವ ಕ್ರೌರ್ಯವನ್ನೇ ಪ್ರತ್ಯೇಕ ಅಪರಾಧವೆಂದು ಹೆಸರಿಸಿದ 498ಎ ಕಲಮು ಸೇರಿದ್ದು 1983ರಲ್ಲಿ. ಒಡವೆಯ ಕಳ್ಳನನ್ನು ಹಿಡಿಯಲು ಮುನ್ನೂರ ಎಪ್ಪತ್ತೊಂಬತ್ತು ಕಾದಿತ್ತು, ಸೊಸೆಯ ನೆತ್ತಿಗೆ ಪ್ರತ್ಯೇಕವಾಗಿ ನಾನೂರ ತೊಂಬತ್ತೆಂಟು ಎ ಬರಲು ನೂರಿಪ್ಪತ್ತಮೂರು ವರುಷ ಹಿಡಿಯಿತು. ಗುಡಿಯ ಕಥೆಗಾರನೂ ಶಾಸನಸಭೆಯೂ ಒಂದೇ ಊರಿನವರು.

ಇನ್ನೊಂದು ಸಂಗತಿ ನಗು ತರಿಸುತ್ತದೆ. ಕಳ್ಳರನ್ನು ಕಲ್ಲು ಮಾಡಿದ ದೇವಿಯ ಒಡವೆಗಳನ್ನು ನಾವು ಅವಳ ಬಳಿ ಬಿಡುವುದಿಲ್ಲ. ಅವು ಜಿಲ್ಲಾ ಖಜಾನೆಯಲ್ಲಿ ಸರ್ಕಾರದ ಬೀಗದೊಳಗಿರುತ್ತವೆ; ಬಾಗಿಲು ತೆರೆಯುವ ಮುನ್ನ ಬೆಳ್ಳಿಯ ಪಲ್ಲಕ್ಕಿಯಲ್ಲಿ, ಪೊಲೀಸರ ಕಾವಲಿನಲ್ಲಿ, ವಾದ್ಯಗಳೊಡನೆ ಗುಡಿಗೆ ಬರುತ್ತವೆ. ನಂಬಿಕೆಯಿಲ್ಲವೆಂದು ಇದರ ಅರ್ಥವಲ್ಲ. ಪವಾಡ ಒಂದು ಸಲ ನಡೆದದ್ದು ಸಾಕು, ಮತ್ತೆ ನಡೆಯಲೇಬೇಕೆಂದು ದೇವಿಗೆ ತೊಂದರೆ ಕೊಡಬಾರದೆಂಬ ಸೌಜನ್ಯವೂ ನಂಬಿಕೆಯಲ್ಲಿ ಸೇರಿದೆ. ಒಡವೆಯ ವಿಷಯದಲ್ಲಿ ನಾವು ಹೀಗೆ ದೇವಿಯ ಕೆಲಸವನ್ನು ನಮ್ಮ ಕೈಗೆ ತೆಗೆದುಕೊಂಡಿದ್ದೇವೆ. ಸೊಸೆಯ ವಿಷಯದಲ್ಲಿಯೂ ತೆಗೆದುಕೊಳ್ಳಬಾರದೆಂದು ಯಾವ ಶಾಸ್ತ್ರವೂ ಹೇಳಲಾರದು.

ಮುಂದಿನ ಆಶ್ವಯುಜದಲ್ಲಿ ಹಾಸನಕ್ಕೆ ಹೋಗುವವರು ದೀಪವನ್ನು ನೋಡಿರಿ, ಕಲ್ಲು ಎಷ್ಟು ಸರಿದಿದೆಯೆಂದು ಬೇಕಾದರೆ ಕಣ್ಣಳತೆಯಲ್ಲಿ ಅಳೆಯಿರಿ. ಆದರೆ ಜೊತೆಗೆ ಬಂದ ಮಗು ಅತ್ತೆಗೆ ಏನಾಯಿತೆಂದು ಕೇಳಿದರೆ, ದಯವಿಟ್ಟು, ಸಾಲು ಮುಂದಕ್ಕೆ ಹೋಯಿತೆಂದು ಹೇಳಬೇಡಿರಿ.