ಕರುಣೆಗೆ ಆಶ್ರಯರಾರು?

ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಗೇರುತೋಪುಗಳ ಮೇಲೆ 1980ರ ದಶಕದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಆ ಗುಡ್ಡಗಳ ತಪ್ಪಲಿನ ಮನೆಗಳಲ್ಲಿ ಕೈಕಾಲು ಸ್ವಾಧೀನವಿಲ್ಲದ, ಮಾತು ಹೊರಡದ, ಬುದ್ಧಿ ಬಲಿಯದ ಮಕ್ಕಳು ಹಾಸಿಗೆಯ ಮೇಲೆಯೇ ಪ್ರಾಯಕ್ಕೆ ಬಂದರು. ಸರಕಾರವು ಅವರನ್ನು ಸಂತ್ರಸ್ತರೆಂದು ಗುರುತಿಸಿ ಮಾಸಾಶನ ಕೊಡಹತ್ತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಬಂಟ್ವಾಳ ತಾಲೂಕಿನ ವಿಟ್ಲದಿಂದಾಚೆ, ಗಡಿಯ ಮಗ್ಗುಲಿನ ಎಣ್ಮಕಜೆಯ ದುಃಖವೂ ಇದೇ. ಅಂಬಿಕಾಸುತನ್ ಮಾಙ್ಙಾಡರು 2009ರಲ್ಲಿ ಆ ಊರ ಹೆಸರನ್ನೇ ಇಟ್ಟು ಮಲಯಾಳದಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದರು. ಇಂತಹ ಬಾಳುಗಳನ್ನು ಕಥೆಯಾಗಿಸಿ ಓದುಗರ ಕಣ್ಣಿನಲ್ಲಿ ನೀರು ತರಿಸಲು ಹೊರಡುವ ಲೇಖಕನು ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಕಲೆಯದಲ್ಲ, ಧರ್ಮದ್ದು: ಅನ್ಯರ ವ್ಯಥೆಯಿಂದ ರಸವನ್ನು ಹಿಂಡುವ ಅಧಿಕಾರ ನಮಗೆ ಎಲ್ಲಿಂದ ಬಂದಿತು?

ನಮ್ಮ ಆಲಂಕಾರಿಕರು ಇದರ ಅರ್ಧವನ್ನು ಮಾತ್ರ ವಿಚಾರಿಸಿದರು. ಶೋಕವೆಂಬ ಸ್ಥಾಯಿಭಾವವು ಕರುಣರಸವಾಗಿ ಆಸ್ವಾದ್ಯವಾಗುವುದೆಂದು ಭರತನು ಹೇಳಿದನು. ಅದು ಒಬ್ಬನ ಶೋಕವಾಗಿ ಉಳಿಯದೆ ಸರ್ವರ ಶೋಕವಾಗುವುದರಿಂದಲೇ ಸಹೃದಯನಿಗೆ ಆನಂದವೆಂದು ಭಟ್ಟನಾಯಕನು ಸಾಧಾರಣೀಕರಣವನ್ನು ಪ್ರತಿಪಾದಿಸಿದನು. ನೋಡುವವನ ಆನಂದಕ್ಕೆ ಇದು ಸಾಕಷ್ಟು ಸಮಾಧಾನ. ನೋಯುವವನಿಗೆ ಏನು ಸಮಾಧಾನ? ಆದರೆ ಅದೇ ಶಾಸ್ತ್ರವು ಭಾವ ಹುಟ್ಟುವ ಹೃದಯವನ್ನು ಆಶ್ರಯವೆಂದೂ ಆ ಭಾವಕ್ಕೆ ನಿಮಿತ್ತವಾದ ವ್ಯಕ್ತಿಯನ್ನು ಆಲಂಬನವೆಂದೂ ಬೇರ್ಪಡಿಸಿ ನಮ್ಮ ಕೈಗೆ ಒಂದು ಒರೆಗಲ್ಲನ್ನೂ ಇತ್ತಿದೆ. ಅಂಗವಿಕಲರನ್ನು ಕುರಿತ ನಮ್ಮ ಕಣ್ಣೀರಿನ ಕಥೆಗಳನ್ನು ಅದಕ್ಕೆ ತಿಕ್ಕಿ ನೋಡಿದರೆ, ತಾಯಿ ಆಶ್ರಯ, ತಂದೆ ಆಶ್ರಯ, ನೋಡಲು ಬಂದ ಪತ್ರಿಕೆಯವನೂ ಆಶ್ರಯ. ಮಗು ಮಾತ್ರ ಆಲಂಬನ. ಅದು ಮಲಗಿರುತ್ತದೆ, ನಗುತ್ತದೆ, ಕೊನೆಯ ಪುಟದಲ್ಲಿ ಸಾಯುತ್ತದೆ. ಅದಕ್ಕೆ ಸಿಟ್ಟು ಬರುವುದಿಲ್ಲ. ತಂಗಿಯ ಹೊಸ ಲಂಗವನ್ನು ಕಂಡು ಅಸೂಯೆಯಿಲ್ಲ. ಗಂಜಿಗಿಂತ ಕೋರಿರೊಟ್ಟಿ ರುಚಿಯೆಂಬ ಆಸೆಯೂ ಇಲ್ಲ. ಇದ್ದರೆ ನಮ್ಮ ಕರುಣೆಗೆ ತಡೆಯಾದೀತೆಂದು ಲೇಖಕನು ಅಂಜುತ್ತಾನೆ. ಕರುಣೆಯ ವೇಷದಲ್ಲಿ ನಡೆಯುವ ಈ ಅಪಹರಣವನ್ನು ನಾನು ಹಿಂಸೆಯೆಂದೇ ಎಣಿಸುತ್ತೇನೆ.

ವ್ಯಾಸಮಹರ್ಷಿಯು ಅಂಜಲಿಲ್ಲ. ಜನ್ಮಾಂಧನಾದ ಧೃತರಾಷ್ಟ್ರನು ಭಾರತದಲ್ಲಿ ನಮ್ಮ ಮರುಕಕ್ಕಾಗಿ ಕಾದು ಕುಳಿತವನಲ್ಲ. ಪುತ್ರವ್ಯಾಮೋಹಿ, ರಾಜ್ಯಲೋಭಿ, ಧರ್ಮವನ್ನು ಬಲ್ಲವನು, ಬಲ್ಲುದನ್ನು ನಡೆಸಲಾರದವನು. ಆದಿಪರ್ವದ ಆರಂಭದಲ್ಲಿಯೇ ಅವನ ಸುದೀರ್ಘ ಪ್ರಲಾಪವು ಅವನ ಬಾಯಿಂದಲೇ ಹೊರಡುತ್ತದೆ. ನಮ್ಮ ಜಿಲ್ಲೆಯ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಯೊಬ್ಬನು ವೇಷವಿಲ್ಲದೆ, ಕಣ್ಣು ತೆರೆದುಕೊಂಡೇ, ಧೃತರಾಷ್ಟ್ರನ ‘ನಾನು’ ಎಂಬ ಮಾತನ್ನು ಆಡುವಾಗ ಕುರುಡುತನವು ಅವನ ಬದುಕಿನ ಒಂದು ಸಂಗತಿಯಾಗಿ ನಿಲ್ಲುತ್ತದೆಯಲ್ಲದೆ ಅವನ ಸರ್ವಸ್ವವಾಗುವುದಿಲ್ಲ. ಇದಕ್ಕೆ ಹೋಲಿಸಿದರೆ ವನಪರ್ವದ ಅಷ್ಟಾವಕ್ರನ ಕಥೆ, ಬಂದಿಯೆಂಬ ಪಂಡಿತನನ್ನು ವಾದದಲ್ಲಿ ಗೆದ್ದ ಮೇಲೆ ಸಮಂಗಾ ನದಿಯಲ್ಲಿ ಮಿಂದು ಅವನ ಅಂಗಗಳು ನೆಟ್ಟಗಾಗುವುದರಿಂದ, ನನಗೆ ಸಪ್ಪೆಯೆನಿಸುತ್ತದೆ. ವಕ್ರದೇಹಿಯಾಗಿಯೇ ಅವನು ಮನೆಗೆ ಹಿಂದಿರುಗಿದ್ದರೆ ಯಾವ ಜ್ಞಾನಕ್ಕೆ ಕುಂದು ಬರುತ್ತಿತ್ತು?

ಇಲ್ಲಿ ಆಸ್ತಿಕರು ಒಂದು ಮಾತನ್ನು ಎತ್ತುವುದುಂಟು: ವೈಕಲ್ಯವು ಪೂರ್ವಕರ್ಮದ ಫಲ, ಅದನ್ನು ಹಾಗೆಯೇ ಚಿತ್ರಿಸಿದರೆ ತಪ್ಪೇನು? ಕರ್ಮವನ್ನು ಇತರರೆಲ್ಲರಿಗಿಂತ ಸೂಕ್ಷ್ಮವಾಗಿ ವಿಂಗಡಿಸಿದವರು ಜೈನಾಚಾರ್ಯರು; ಅವರ ಸಿದ್ಧಾಂತಗ್ರಂಥವಾದ ಷಟ್ಖಂಡಾಗಮದ ಮೇಲೆ 9ನೆಯ ಶತಮಾನದ ವೀರಸೇನರು ರಚಿಸಿದ ಧವಲಾ ಟೀಕೆಯನ್ನು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಕಾಪಾಡಿದ್ದು ಮೂಡುಬಿದಿರೆಯ ಗುರುಬಸದಿ. ಆ ಶಾಸ್ತ್ರದ ಪ್ರಕಾರ ದೇಹದ ಆಕಾರವನ್ನು ನಿರ್ಣಯಿಸುವ ನಾಮಕರ್ಮವು ಅಘಾತಿ. ಎಂದರೆ ಆತ್ಮನ ಗುಣವನ್ನು ಅದು ಮುಟ್ಟಲಾರದು. ಬುದ್ಧಿಯನ್ನು ಮುಸುಕುವ ಜ್ಞಾನಾವರಣೀಯವು ಘಾತಿಯೇ ಸರಿ. ಆದರೂ ಅತ್ಯಂತ ಕೆಳಗಿನ ನಿಗೋದಜೀವದಲ್ಲಿ ಸಹ ಜ್ಞಾನದ ಒಂದು ಲೇಶವು ಸದಾ ಆವರಣವಿಲ್ಲದೆ ತೆರೆದೇ ಇರುವುದೆಂದೂ, ಅದೂ ಮುಚ್ಚಿದರೆ ಜೀವವು ಜೀವವೇ ಅಲ್ಲವೆಂದೂ ಆ ಆಚಾರ್ಯರು ನಿಶ್ಚಯಿಸಿದರು. ಕರ್ಮದ ಹೆಸರೆತ್ತಿ ಹಾಸಿಗೆಯ ಮಗುವನ್ನು ಬರಿಯ ಫಲವೆಂದು ಬಗೆಯುವವರು ಈ ಎರಡನೆಯ ಮಾತನ್ನೂ ಓದಬೇಕು. ತೆರೆದಿರುವ ಆ ಲೇಶವೇ ಆಶ್ರಯ. ಕಥೆಗಾರನು ಹೋಗಿ ನಿಲ್ಲಬೇಕಾದ ಸ್ಥಳ ಅದೇ. ಮಾತಿಲ್ಲದ ಮಗುವಿನ ಒಳಗನ್ನು ಕಲ್ಪಿಸುವುದು ಕಷ್ಟ, ತಪ್ಪುವ ಸಂಭವವೂ ಹೆಚ್ಚು. ಯಾವ ದನಿಗೆ ಅದು ಕತ್ತು ಹೊರಳಿಸುತ್ತದೆ, ಯಾರ ಕೈಯ ತುತ್ತನ್ನು ಒಲ್ಲೆನೆಂದು ಬಾಯಿ ಬಿಗಿಯುತ್ತದೆ ಎಂಬುದನ್ನು ತಿಂಗಳುಗಟ್ಟಲೆ ನೋಡಿದವರಿಗೆ ಮಾತ್ರ ಅದು ಸಾಧ್ಯವಾದೀತು.

ಮನೋರೋಗದ ವಿಷಯದಲ್ಲಿ ಈ ಕೆಲಸವನ್ನು ಕನ್ನಡದಲ್ಲಿ ಮಾಡಿ ತೋರಿಸಿದವರು, 1963ರಲ್ಲಿ ಅಕಾಲದಲ್ಲಿ ನಮ್ಮನ್ನಗಲಿದ ತ್ರಿವೇಣಿಯವರು. ಅವರ ಶರಪಂಜರ ಕಾದಂಬರಿಯ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಆಮೇಲೆ ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ, ಸುಮ್ಮನಿದ್ದರೂ ಸಂಶಯ. ರೋಗಕ್ಕಿಂತ ಈ ಸಂಶಯವೇ ಅವಳನ್ನು ಕೊಲ್ಲುವುದನ್ನು ನಾವು ಅವಳ ಒಳಗೆ ನಿಂತು ಕಾಣುತ್ತೇವೆ.

ತುಳುನಾಡಿಗೆ ಈ ವಿವೇಕ ಹೊಸದೂ ಅಲ್ಲ. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು 1998ರಲ್ಲಿ ಪ್ರಕಟಿಸಿದರು. ಆ ಕಾವ್ಯ ನಿಜವಾಗಿ ಬದುಕಿರುವುದು ಕವತ್ತಾರು, ನಂದಳಿಕೆ, ಹಿರಿಯಡಕಗಳ ಸಿರಿಜಾತ್ರೆಗಳಲ್ಲಿ. ಮನೆಯವರು ಮರ್ಲು, ಹುಚ್ಚು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ ಹೆಣ್ಣುಮಕ್ಕಳೂ ಅಲ್ಲಿ ಹಿಂಗಾರ ಹಿಡಿದು ನಿಂತು, ಆ ಕಾವ್ಯದ ಹೆಣ್ಣುಗಳೇ ಆಗಿ ತಾನು ಸಿರಿ, ತಾನು ಸೊನ್ನೆ, ತಾನು ಗಿಂಡೆ ಎಂದು ನುಡಿಯುತ್ತಾರೆ, ಸಿರಿಯ ಮಗ ಕುಮಾರನಾಗಿ ನಿಂತವನು ಪ್ರಶ್ನಿಸುತ್ತಾನೆ, ವರ್ಷವಿಡೀ ಕೇಳದಿದ್ದ ಕುಟುಂಬವು ಆ ರಾತ್ರಿ ನಿಂತು ಕೇಳಲೇಬೇಕು. ಅದು ವೈದ್ಯಕ್ಕೆ ಬದಲೆಂದು ನಾನು ಹೇಳೆನು. ಔಷಧ ಬೇಕಾದವರಿಗೆ ಔಷಧವೇ ಬೇಕು. ಆದರೆ ತನ್ನ ದುಃಖಕ್ಕೆ ತಾನೇ ಕರ್ತೃವಾಗುವ ಅವಕಾಶವನ್ನು, ಸಣ್ಣಕಥೆಯೆಂಬುದು ಈ ನೆಲಕ್ಕೆ ಬರುವ ಬಹು ಮುಂಚೆಯೇ, ಒಂದು ಆರಾಧನೆಯು ಕಲ್ಪಿಸಿಕೊಟ್ಟಿತ್ತು.

ಕೊಕ್ಕಡದ ಹೋರಾಟಕ್ಕೂ ದೃಷ್ಟಿ ಕಳೆದುಕೊಂಡವರೊಬ್ಬರೇ ಮುಂದಾಳಾಗಿ ನಿಂತರು. ಧರಣಿ ಕುಳಿತರು, ಅಧಿಕಾರಿಗಳೊಡನೆ ವಾದಿಸಿದರು, ಪರಿಹಾರವನ್ನು ಭಿಕ್ಷೆಯೆಂದಲ್ಲ, ಹಕ್ಕೆಂದು ಕೇಳಿದರು. ಆ ಗ್ರಾಮಗಳ ಅಳುವನ್ನು ಬರೆದ ಬರಹಗಳನ್ನು ಬಹಳ ಓದಿದ್ದೇನೆ. ಆ ಗ್ರಾಮಗಳ ಸಿಟ್ಟನ್ನು ಒಳಗಿನಿಂದ ಬರೆದ ಕಥೆಗಾಗಿ ಇನ್ನೂ ಹುಡುಕುತ್ತಿದ್ದೇನೆ.