ಉಣ್ಣು, ಇಲ್ಲಾಂದ್ರೆ ಆನೆ ಬರ್ತದೆ

ನಮ್ಮ ಪೊನ್ಕುಳಿಯಲ್ಲಿ ಮಗು ಉಣ್ಣದಿದ್ದರೆ ಗುಮ್ಮನನ್ನು ಕರೆಯಬೇಕಾಗಿಲ್ಲ. ಮುತ್ತಂಗದ ಕಾಡು ಹಿತ್ತಲಿನ ಆಚೆಗೇ ಇದೆ. "ಉಣ್ಣು, ಇಲ್ಲಾಂದ್ರೆ ಆನೆ ಬರ್ತದೆ" ಅಂದರೆ ಸಾಕು, ಬಾಯಿ ತೆರೆಯುತ್ತದೆ. ನಾನೂ ಹೀಗೆ ಹೇಳಿಯೇ ಮಗಳಿಗೆ ಎಷ್ಟೋ ತುತ್ತು ಉಣ್ಣಿಸಿದ್ದೇನೆ.

ಹೋದ ಮಳೆಗಾಲದ ಒಂದು ರಾತ್ರಿ ಆನೆ ನಿಜವಾಗಿಯೇ ಬಂತು. ಬಾಳೆ ಮುರಿಯುವ ಸದ್ದು ಕೇಳಿ, ದೀಪ ಆರಿಸಿ ಎಲ್ಲರೂ ಒಳಕೋಣೆಯಲ್ಲಿ ಕೂತೆವು. ನಾಲ್ಕು ವರ್ಷದ ಮಗಳು ನಡುಗುತ್ತಿದ್ದಳು. "ಹೆದರಬೇಡ ಮಗಾ, ಏನೂ ಇಲ್ಲ" ಅಂದೆ. ಅವಳ ಬೆನ್ನ ಮೇಲಿದ್ದ ನನ್ನ ಕೈಯೂ ನಡುಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಪಿಸುಗುಟ್ಟಿದಳು: "ಅವ್ವಾ, ನಾನು ಅನ್ನ ಬಿಟ್ಟಿದ್ದಕ್ಕಾ?"

ನನಗೆ ಉತ್ತರ ಬರಲಿಲ್ಲ.

ಉಣ್ಣಿಸೋಕೆ ಹೇಳಿದ ಸುಳ್ಳು ಪಾಪವಲ್ಲ ಅನ್ನುತ್ತಾರೆ ನಮ್ಮತ್ತೆ. ಇರಬಹುದು. ಆದರೆ ತನ್ನೊಳಗೆ ಆಗುವುದಕ್ಕೆಲ್ಲ ಮಗುವಿಗೆ ಹೆಸರು ಗೊತ್ತಿರುವುದಿಲ್ಲ, ನಾವು ಕೊಟ್ಟಿದ್ದೇ ಹೆಸರು. ಎದೆ ಡವಡವ ಅನ್ನುವಾಗ ಅವ್ವ "ಏನೂ ಇಲ್ಲ" ಅಂದರೆ, ಅದು ನಂಬಬೇಕಾದ್ದು ಎದೆಯನ್ನೋ ಅವ್ವನನ್ನೋ? ಆನೆ ಓಡಾಡುವ ಊರಲ್ಲಿ ಹೆದರಿಕೆ ಜೀವ ಕಾಯುವ ವಸ್ತು. ಅದನ್ನೇ ಸುಳ್ಳು ಅಂತ ಕಲಿಸಿದೆನಲ್ಲ! ಜೊತೆಗೆ, ಆನೆ ಬಂದದ್ದು ತನ್ನ ತಪ್ಪಿಗೆ ಅನ್ನುವ ಹೊರೆ ಬೇರೆ.

ನಮ್ಮ ಮಕ್ಕಳಿಗೆ ಎರಡು ಭಾಷೆಯ ಗೊಂದಲವೂ ಇದೆ. ಅಂಗನವಾಡಿಯಿಂದ ಬಂದವಳು ಒಂದು ದಿನ "ನಂಗೆ ದೇಷ್ಯಂ ಬಂತು" ಅಂದಳು. ಅತ್ತೆ ಅದನ್ನು 'ದ್ವೇಷ' ಅಂದುಕೊಂಡು ಗಾಬರಿಯಾದರು. ಮಲಯಾಳದಲ್ಲಿ ಅದು ಬರೀ ಸಿಟ್ಟು. ಕನ್ನಡದಲ್ಲಿ ನಾವು ಸಿಟ್ಟು, ಮುನಿಸು, ಹಠ ಅಂತ ಬೇರೆ ಬೇರೆ ಹೇಳಬಹುದು. ಆದರೆ ಮಗು ಏನು ಮಾಡಿದರೂ "ಹಠ ಮಾಡ್ಬೇಡ" ಅಂದು ಮುಗಿಸುತ್ತೇವೆ. ಪದಗಳು ಇದ್ದೇನು ಬಂತು!

ಇನ್ನೊಂದು ಸೋಜಿಗ. ಸೀತೆ ಅತ್ತ ಕಣ್ಣೀರೇ ಕೆರೆಯಾಯಿತು ಅಂತ ನಮ್ಮೂರ ಗುಡಿಯ ಕೆರೆಯನ್ನು ನೆಂಟರಿಗೆಲ್ಲ ತೋರಿಸುತ್ತೇವೆ. ಮನೆಗೆ ಬಂದು, ಬಿದ್ದ ಹುಡುಗನಿಗೆ "ಗಂಡಸು ಅಳ್ತಾನೇನೋ" ಅನ್ನುತ್ತೇವೆ.

ಈಗ ಆನೆ ಸದ್ದಾದರೆ, "ನಂಗೂ ಹೆದರಿಕೆ ಆಗ್ತದೆ ಮಗಾ. ಅದಕ್ಕೇ ಬಾಗಿಲು ಹಾಕಿದ್ದೀವಿ, ಮಾತಾಡದೆ ಕೂತ್ಕೋಬೇಕು. ಅದು ಬಂದಿದ್ದು ಬಾಳೆಗೆ, ನಿನ್ನ ಅನ್ನಕ್ಕಲ್ಲ" ಅನ್ನುತ್ತೇನೆ. ಹೀಗೆ ಹೇಳಿದರೆ ಇನ್ನೂ ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಬೆರಳು ಹಿಡಿದು ಸುಮ್ಮನೆ ಕೂರುತ್ತಾಳೆ.

ಉಣ್ಣಿಸುವುದು ಮಾತ್ರ ಈಗ ಒಂದು ಗಂಟೆಯ ಕೆಲಸ. ಅತ್ತೆ ನೋಡಿ ನಗುತ್ತಾರೆ.